ಮನೆಯವರಿಗೆ ಮುಟ್ಟಿಸದ ಮಾತು

ಲೀಲಾ, ನಿನ್ನ ಮೇಲೆ ಬಂದ ಅಪವಾದ ಸುಳ್ಳೆಂದು ನನಗೆ ಗೊತ್ತಿತ್ತು. ಆಮೇಲೆ ಯಾವತ್ತೋ ಗೊತ್ತಾದದ್ದಲ್ಲ — ನೀನು ಇನ್ನೂ ಈ ಮನೆಯಲ್ಲೇ ಇದ್ದಾಗ, ಹಿತ್ತಲ ಮೂಲೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ಗೊತ್ತಿತ್ತು. ಕಂಪ್ಯೂಟರ್ ರಿಪೇರಿಗೆ ಬಂದವನು ನನಗೆ ಬಿಡಿಸಿ ಹೇಳಿದ್ದ. ಮನೆಯವರಿಗೆ ಹೇಳಿ ಎಂದೂ ಹೇಳಿ ಹೋಗಿದ್ದ. ನಾನು ಹೇಳಲಿಲ್ಲ. ಮರೆತೆ ಅಂತಲ್ಲ. ಮಾವನವರು ಎದುರಿಗೆ ನಿಂತು ಕೇಳಿದರು. ನಾನು ಅವರ ಮುಖ ನೋಡುತ್ತಲೇ, ಅವನು ಏನೂ ಹೇಳಲಿಲ್ಲ ಎಂದೆ.

ನಮ್ಮ ಓಣಿಯಲ್ಲಿ ನನಗಿರುವ ಹೆಸರು ನಿನಗೆ ಗೊತ್ತು. ಈಕೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಳದ ಮುಂದೆ ಕೊಡ ಹಿಡಿದು ನಿಂತವರೆಲ್ಲ ನಗುತ್ತಿದ್ದರು, ನೀನೂ ನಗುತ್ತಿದ್ದೆ. ಯಾರ ಮನೆಯಲ್ಲಿ ಏನು ಅಡುಗೆ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು — ಎಲ್ಲವೂ ನನ್ನ ಬಾಯಿಂದಲೇ ಓಣಿಗೆ ಗೊತ್ತಾಗಬೇಕು. ಅಂಥ ನಾನು ಒಂದು ಮಾತನ್ನು ಮಾತ್ರ ಇಷ್ಟು ವರ್ಷ ನುಂಗಿಕೊಂಡು ಕೂತೆ. ಉಗುಳಲೇಬೇಕಾದ ಮಾತನ್ನೇ ಹುಡುಕಿ ನುಂಗಿದೆ, ನೋಡು!

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ನೀನೊಬ್ಬಳೇ ಓದಲಿ ಎಂದು ನಾನು ಬರೆಯುತ್ತಿಲ್ಲ. ನೀನು ನನ್ನ ಗಂಡನ ತಂಗಿ, ನಾನು ನಿನ್ನ ವೈನಿ, ಅತ್ತಿಗೆ. ನಿನ್ನನ್ನು ಕೊಡಂಬಲಕ್ಕೆ ಕೊಟ್ಟಿದ್ದರು. ಮದುವೆಯ ಸೀರೆಗಳ ಮಡಿಕೆ ಬಿಚ್ಚುವ ಮೊದಲೇ ಗಂಡ ಕಾಮಾಲೆಯಲ್ಲಿ ಹೋದ. ನೀನು ಬಸವಕಲ್ಯಾಣದ ತವರಿಗೆ ಮರಳಿದೆ. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಮಾವನವರು, ನನ್ನ ಗಂಡ, ನೀನು, ನಾನು, ಅಷ್ಟೇ. ಗಂಡಸರಿಬ್ಬರೂ ಊಟ ಮಾಡಿ ಮಾರ್ಕೆಟ್ಟಿನ ಅಡತಿಗೆ, ಅಂದರೆ ತೊಗರಿ ಉದ್ದು ಕೊಂಡು ಮಾರುವ ನಮ್ಮ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುತ್ತಿದ್ದರು. ನನಗೆ ಮಕ್ಕಳಾಗಿರಲಿಲ್ಲ. ನೀನು ಬರುವ ಮೊದಲು ನಾನು ಆ ಮನೆಯಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದೆ ಎಂದರೆ ನಗಬೇಡ, ನಿಜವಾಗಿಯೂ ಆಡುತ್ತಿದ್ದೆ. ಒಲೆಯ ಮೇಲಿನ ಹಾಲಿಗೆ, ಉಕ್ಕಬೇಡ ನಿಲ್ಲು, ಬಂದೆ ಎಂದು ಹೇಳುತ್ತಿದ್ದೆ. ನೀನು ಬಂದ ಮೇಲೆ ನನ್ನ ಮಾತಿಗೆ ಮಾತು ಕೊಡುವವರು ಒಬ್ಬರಾದರು. ನಾನು ರೊಟ್ಟಿ ಬಡಿಯಬೇಕು, ನೀನು ಬೇಯಿಸಬೇಕು. ಯಾರದೋ ನಡಿಗೆಯನ್ನು ನಾನು ಅಣಕಿಸಿದರೆ ನೀನು ನಕ್ಕು ನಕ್ಕು ರೊಟ್ಟಿ ಕರಕಲು ಮಾಡಬೇಕು. ಮಾವನವರು ಆ ಕರಕಲು ರೊಟ್ಟಿಯನ್ನು ಒಂದು ಮಾತೂ ಆಡದೆ ತಿನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ನಿನ್ನ ಅಣ್ಣ ಅಡತಿಯ ಲೆಕ್ಕಕ್ಕೆಂದು ಒಂದು ಕಂಪ್ಯೂಟರ್ ತಂದರು. ಮಾರ್ಕೆಟ್ಟಿನ ಧೂಳಿಗೆ ಅದು ಉಳಿಯುವುದಿಲ್ಲ ಎಂದು ಯಾರೋ ಹೆದರಿಸಿದರು, ಮನೆಯ ಬಾಜೂ ಕೋಣೆಗೆ ಬಂತು. ಅವರ ಹುಮ್ಮಸ್ಸು ಬೇಗ ಇಳಿಯಿತು. ಮದುವೆಗೆ ಮೊದಲು ಟೈಪಿಂಗ್ ಕಲಿತಿದ್ದ ನೀನು ಅದರ ಮುಂದೆ ಕೂತೆ. ಮೊದಲು ಪಕ್ಕದ ಮನೆಯ ಮದುವೆಯ ಲಗ್ನಪತ್ರಿಕೆ, ಆಮೇಲೆ ಯಾರ್ಯಾರದೋ ಅರ್ಜಿ, ಆಮೇಲೆ ಮಠದವರ ವಚನಗಳ ಸಣ್ಣ ಪುಸ್ತಕ. ಜನ ಬಾಗಿಲಿಗೆ ಬಂದು, ಲೀಲಕ್ಕ ಇದ್ದಾಳೇನು ಎಂದು ಕೇಳತೊಡಗಿದರು. ಗಂಡ ಸತ್ತ ಹೆಂಗಸನ್ನು ಕೇಳಿಕೊಂಡು ಜನ ಮನೆಗೆ ಬರುವುದು — ಅದೂ ಗೌರವದಿಂದ — ಮಾವನವರಿಗೆ ಎಷ್ಟು ಹಿಗ್ಗು ತಂದಿತ್ತೆಂದರೆ, ಬಾಜೂ ಕೋಣೆಯ ಗೋಡೆ ಒಡೆಸಿ ಬೀದಿಗೆ ಶಟರ್ ಹಾಕಿಸಿ ನಿನಗೇ ಒಂದು ಟೈಪಿಂಗ್ ಅಂಗಡಿ ಮಾಡಿಕೊಡುವುದೆಂದು ನಿಶ್ಚಯಿಸಿಬಿಟ್ಟರು. ಶ್ರಾವಣ ಮುಗಿದ ಕೂಡಲೇ ಪೂಜೆ. ಬೋರ್ಡಿನ ಮೇಲೆ ನಿನ್ನ ಹೆಸರು.

ನಾನು ಎಲ್ಲರಿಗಿಂತ ಮೊದಲು ಓಣಿಗೆ ಸುದ್ದಿ ಮುಟ್ಟಿಸಿದೆ. ನಮ್ಮ ಲೀಲಾ ಅಂಗಡಿ ಹಾಕುತ್ತಾಳೆ, ಎಂದು ಎದೆಯುಬ್ಬಿಸಿ ಹೇಳಿಕೊಂಡು ಬಂದೆ. ಮನೆಗೆ ಬಂದು ಹಿಟ್ಟು ನಾದುತ್ತಾ ಕೂತಾಗ ಮಾತ್ರ… ಆ ಶಟರ್ ಎತ್ತಿದ ದಿನದಿಂದ ನೀನು ಬೆಳಗಿನಿಂದ ಸಂಜೆಯ ತನಕ ಬೀದಿಯ ಕಡೆ ಮುಖ ಮಾಡಿ ಕೂರುತ್ತೀ, ನಿನ್ನ ಸುತ್ತ ಜನ ಇರುತ್ತಾರೆ, ನಾನು ಮತ್ತೆ ಹಾಲಿನ ಜೊತೆ ಮಾತಾಡಬೇಕು ಎನ್ನಿಸಿತು. ಹೊಟ್ಟೆಕಿಚ್ಚು ಎನ್ನುವುದಾದರೆ ಅನ್ನು. ನಾನೂ ಅದಕ್ಕೆ ಬೇರೆ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ.

ಈಗ, ಯಾರಿಗೂ ಹೇಳದ ಆ ಮಧ್ಯಾಹ್ನ. ಟೈಪ್ ಮಾಡಿದ ಹಾಳೆಗಳನ್ನು ತೋರಿಸಲು ನೀನು ಮಠಕ್ಕೆ ಹೋಗಿದ್ದೆ. ಕಂಪ್ಯೂಟರ್ ಹಚ್ಚುವುದು, ಇಂಟರ್ನೆಟ್ಟಿನಲ್ಲಿ ಹುಡುಕುವುದು ನೀನೇ ನನಗೆ ಕಲಿಸಿದ್ದೆ. ಮನ್ನಾಏಖೇಳ್ಳಿಯ ತವರಿನಲ್ಲಿದ್ದಾಗ ನಾನೂ ಪಿಯುಸಿ ತನಕ ಓದಿದವಳು, ಇಂಗ್ಲಿಷ್ ಅಕ್ಷರಕ್ಕೆ ಹೆದರುವವಳಲ್ಲ. ಬಾಗಿಲು ಹಾಕಿಕೊಂಡು ಕೂತೆ. ಹೆಂಗಸಿಗೆ ಮಕ್ಕಳಾಗದಿರಲು ಏನೇನು ಕಾರಣ ಎಂದು ಹುಡುಕಿದೆ. ನಿನ್ನನ್ನೇ ಕೇಳಬಹುದಿತ್ತು, ನಿನಗೂ ಗೊತ್ತಿರಲಿಕ್ಕಿಲ್ಲ. ಡಾಕ್ಟರರ ಹತ್ತಿರ ಹೋಗೋಣ ಎಂದರೆ ನಿನ್ನ ಅಣ್ಣ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು. ಒಂದು ಪುಟ ತೆರೆಯಿತು. ಹೆಂಗಸಿನ ಹೊಟ್ಟೆಯೊಳಗಿನ ಚಿತ್ರ, ಅದರ ಕೆಳಗೆ ಬರಹ. ನಾನು ಇನ್ನೂ ಓದುತ್ತಿದ್ದೆ, ಪರದೆಯ ನಡುವೆ ಒಂದು ಸಣ್ಣ ಚೌಕ ಎದ್ದು ನಿಂತಿತು. ನಿಮ್ಮ ಕಂಪ್ಯೂಟರಿಗೆ ಅಪಾಯವಿದೆ, ಪುಕ್ಕಟೆಯಾಗಿ ಪರೀಕ್ಷೆ ಮಾಡಲೇ ಎಂದು ಕೇಳಿತು. ಪಕ್ಕದಲ್ಲಿ ಒಂದು ಗುರಾಣಿಯ ಚಿತ್ರ, ಸರ್ಕಾರದ್ದೇ ಏನೋ ಎನ್ನುವ ಹಾಗೆ. ಪುಕ್ಕಟೆ ತಾನೆ, ಹೂಂ ಎಂದು ಒತ್ತಿದೆ.

ಏನೇನೋ ಹೆಸರುಗಳು ಸರಸರನೆ ಓಡಿದವು. ಪರದೆ ಕೆಂಪಾಯಿತು. ಅದು ಸಿಕ್ಕಿದೆ, ಇದು ಸಿಕ್ಕಿದೆ, ಹಣ ಕಟ್ಟಿದರೆ ತೆಗೆಯುತ್ತೇನೆ ಎಂದು ಒಂದರ ಮೇಲೊಂದು ಚೌಕ. ಮುಚ್ಚಿದರೆ ಮತ್ತೆ ಬರುತ್ತಿತ್ತು. ಸ್ವಿಚ್ಚನ್ನೇ ಆರಿಸಿ, ನೀನು ಹೊಲಿದ ಹೂವಿನ ಬಟ್ಟೆಯನ್ನು ಅದರ ಮೇಲೆ ಹೊದಿಸಿ, ಹೊರಗೆ ಬಂದು ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತೆ. ನೀನು ಮಠದಿಂದ ಪ್ರಸಾದ ತಂದು ಕೈಗಿಟ್ಟೆ. ತಿಂದೆ.

ಮರುದಿನ ಬೆಳಿಗ್ಗೆ ನೀನು ಮಾವನವರನ್ನು ಕೈಹಿಡಿದು ಕರೆತಂದು ಕೂರಿಸಿದೆ, ಅಂಗಡಿಯ ಬೋರ್ಡು ಹೇಗಿರುತ್ತದೆ ತೋರಿಸಲು. ನಿನ್ನ ಅಣ್ಣ ಬಾಗಿಲಲ್ಲಿ ನಿಂತಿದ್ದರು, ನಾನು ಅವರ ಹಿಂದೆ. ಬೋರ್ಡು ಬರುವ ಮೊದಲೇ ಆ ಕೆಂಪು ಚೌಕ ಪರದೆ ತುಂಬ ಹರಡಿತು. ಇದೇನು ಎಂದು ಮಾವನವರು ಕೇಳಿದರು. ನೀನು ಓದಿದೆ. ಓದಿ ಸುಮ್ಮನಾದೆ. ನಿನ್ನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ತಂದೆಯ ಮುಂದೆ ಬಾಯಿಬಿಟ್ಟು ಹೇಳಲಾಗದ ಮಾತು ಅಲ್ಲಿತ್ತು. ನಿನ್ನ ಆ ನಾಚಿಕೆಯನ್ನು ಅವರು ಬೇರೆ ರೀತಿ ಓದಿಕೊಂಡರು.

ಮಾವನವರು ಓದಿದ್ದು ಉರ್ದು, ಅಡತಿಯ ಲೆಕ್ಕ ಬರೆಯುತ್ತಿದ್ದುದು ಮರಾಠಿಯ ಮೋಡಿ ಲಿಪಿಯಲ್ಲಿ. ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಕಡೆ ತಿರುಗಿ, ನೀನು ಓದಮ್ಮ ಎಂದರು. ನಾನು ಮುಂದೆ ಬಂದು ಓದಿದೆ. ಈ ಕಂಪ್ಯೂಟರಿನಲ್ಲಿ ಹೊಲಸು ಚಿತ್ರ ನೋಡಿದ ಗುರುತು ಸಿಕ್ಕಿದೆ, ಬಹಳ ಸಲ ನೋಡಿದ್ದಾರೆ, ಅಂತ ಬರೆದಿದೆ — ಎಂದು ಕನ್ನಡ ಮಾಡಿ ಹೇಳಿದೆ. ಆ ಕ್ಷಣದಲ್ಲಿ ನನಗೆ ಮೋಸವೆಂದು ಗೊತ್ತಿರಲಿಲ್ಲ, ಲೀಲಾ. ನಾನು ನೋಡಿದ ಆ ಹೊಟ್ಟೆಯ ಚಿತ್ರದ ಮಾತನ್ನೇ ಅದು ಆಡುತ್ತಿದೆ ಎಂದುಕೊಂಡೆ. ಆದರೆ ಯಾರೂ ನನ್ನ ಕಡೆ ನೋಡಲಿಲ್ಲ. ಆ ಕುರ್ಚಿಯಲ್ಲಿ ಕೂರುವವಳು ನೀನೊಬ್ಬಳೇ ಎಂದು ಎಲ್ಲರಿಗೂ ಗೊತ್ತಿತ್ತು.

ನೀನು ಮೆಲ್ಲಗೆ ಹೇಳಿದೆ. “ಅಪ್ಪಾ, ಇದು ಸುಳ್ಳ್ ಹೇಳಾಕತ್ತದ.”

ಮಾವನವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. “ಕಾಟಾ ಯಾವಾಗರ ಸುಳ್ಳ್ ಹೇಳ್ತದೇನವ್ವ? ಅದಕ್ಕ ನಿನ್ನ ಮ್ಯಾಲ ಏನ್ ಸಿಟ್ಟದ?” ಎಂದರು.

ಹೊರಗಿನವರಿಗೆ ಈ ಮಾತಿನ ಭಾರ ತಿಳಿಯಲಿಕ್ಕಿಲ್ಲ. ಕಾಟಾ ಎಂದರೆ ತೂಕದ ಯಂತ್ರ. ಕೈತಕ್ಕಡಿ ಇದ್ದಾಗ ರೈತರು ಮಾವನವರ ಎದುರೇ, ಸಾಹುಕಾರ ಬೆರಳು ಆಡಿಸಿದ ಎಂದುಬಿಡುತ್ತಿದ್ದರು. ಬೆರಳು ಆಡಿಸುವ ಮನುಷ್ಯರಲ್ಲ ಅವರು; ಅಂದವರ ಮಾತಿಗೆ ಊಟ ಬಿಡುತ್ತಿದ್ದರು. ನಮ್ಮ ಮಾರ್ಕೆಟ್ಟಿನಲ್ಲಿ ಕೆಂಪು ಅಂಕಿ ತೋರಿಸುವ ಕರೆಂಟಿನ ಕಾಟಾ ಮೊದಲು ತರಿಸಿದವರಲ್ಲಿ ಅವರೂ ಒಬ್ಬರು. ಅವತ್ತಿನಿಂದ ಯಾರೂ ಅವರನ್ನು ಕಳ್ಳ ಎನ್ನಲಿಲ್ಲ. ಯಂತ್ರಕ್ಕೆ ನಂಟಿಲ್ಲ, ಹಗೆಯಿಲ್ಲ, ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ — ಇದು ಅವರ ಮಟ್ಟಿಗೆ ವಚನದಷ್ಟೇ ಖರೆ. ತಮ್ಮ ಮಾನ ಉಳಿಸಿದ್ದು ಒಂದು ಯಂತ್ರದ ಕೆಂಪು ಅಂಕಿ. ಮಗಳ ಮಾನದ ಬಗ್ಗೆ ಇನ್ನೊಂದು ಯಂತ್ರದ ಕೆಂಪು ಅಕ್ಷರ ಹೇಳಿದ್ದನ್ನು ಅವರು ಹೇಗೆ ತಳ್ಳಿಹಾಕಬೇಕು?

ನೀನು ಆ ಕೋಣೆಗೆ ಹೋಗಬಾರದೆಂದಾಯಿತು. ಕಂಪ್ಯೂಟರಿನಿಂದ ಆ ಹೊಲಸನ್ನು ತೆಗೆಸಲು ನಿನ್ನ ಅಣ್ಣ ಹುಮನಾಬಾದಿಗೆ ಫೋನ್ ಮಾಡಿದರು. ರಫೀಕ ಬಂದ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ರಿಪೇರಿ ಅಂಗಡಿ. ಬೆಳಗಿನ ಬಸ್ಸಿಗೆ ಬಂದ. ಶ್ರಾವಣದಲ್ಲಿ ಮಾವನವರ ಲಿಂಗಪೂಜೆ ಎಂದರೆ ಮಧ್ಯಾಹ್ನದ ತನಕ. ಪೂಜೆ ಮುಗಿದು ಪ್ರಸಾದ ತೆಗೆದುಕೊಳ್ಳುವ ತನಕ ಮೌನ, ಮನೆಗೆ ಬೆಂಕಿ ಬಿದ್ದರೂ ಮಾತಾಡುವುದಿಲ್ಲ. ನಿನ್ನ ಅಣ್ಣ ಅಡತಿಯಲ್ಲಿ. ನೀನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹಾಗಾಗಿ ರಫೀಕನ ಹತ್ತಿರ ನಾನೊಬ್ಬಳೇ.

ಮೊದಮೊದಲು ಅವನು ಅಳಿಸಿದ್ದೆಲ್ಲ ಮತ್ತೆ ಬಂತು. ಕಂಪ್ಯೂಟರ್ ಬಂದ್ ಮಾಡಿ ಹಚ್ಚಿದರೆ ಅದೇ ಗುರಾಣಿ, ಅದೇ ಕೂಗು. ಅವನು ನಗುತ್ತಾ, ಹಟಮಾರಿ ಅದ ಇದು ಎಂದ. ಆಮೇಲೆ ಕಂಪ್ಯೂಟರ್ ಏಳುತ್ತಿರುವಾಗಲೇ ಒಂದು ಗುಂಡಿಯನ್ನು ಒತ್ತಿ ಒತ್ತಿ ಹಿಡಿದ. ಪರದೆ ಕಪ್ಪಾಗಿ, ಅಕ್ಷರಗಳೆಲ್ಲ ದಪ್ಪದಪ್ಪವಾಗಿ ಮೂಡಿದವು. ಹೀಗೆ ಎಬ್ಬಿಸಿದರೆ ಕಂಪ್ಯೂಟರ್ ಮಾತ್ರ ಏಳುತ್ತದೆ, ಅದರ ಬೆನ್ನು ಹತ್ತಿದವರು ಏಳುವುದಿಲ್ಲ ಎಂದು ನನಗೆ ವಿವರಿಸಿದ. ಅದು ಅಡಗಿದ್ದ ಜಾಗ ಹುಡುಕಿ ಬೇರುಸಹಿತ ಕಿತ್ತ. ಮತ್ತೆ ಹಚ್ಚಿದ. ಏನೂ ಬರಲಿಲ್ಲ. ನೀನು ಬರೆದ ಬೋರ್ಡು ಹಾಗೇ ಇತ್ತು, ಹಳದಿ ಬಣ್ಣದ ಮೇಲೆ ನಿನ್ನ ಹೆಸರು.

ಚಹಾ ಕೊಟ್ಟೆ. ಕುಡಿಯುತ್ತಾ ಅವನೇ ಮಾತು ತೆಗೆದ. ಇದು ವೈರಸ್ ತೆಗೆಯುವ ವೇಷ ಹಾಕಿಕೊಂಡು ಬರುವ ಮೋಸ. ಯಾರೋ ಎಲ್ಲೋ ಕೂತು ಜನರನ್ನು ಹೆದರಿಸಿ ಹಣ ಕೀಳಲು ಮಾಡಿದ್ದು. ಇದು ಕಂಪ್ಯೂಟರಿನೊಳಗೆ ಏನನ್ನೂ ನೋಡುವುದೇ ಇಲ್ಲ, ಹೊಸ ಪೆಟ್ಟಿಗೆ ಒಡೆದು ಇಟ್ಟ ಕಂಪ್ಯೂಟರಿಗೂ ಹೊಲಸು ಚಿತ್ರ ಸಿಕ್ಕಿದೆ ಎನ್ನುತ್ತದೆ. ಹುಮನಾಬಾದಿನಲ್ಲಿ ಒಬ್ಬ ಡಾಕ್ಟರರ ಮನೆಯಲ್ಲಿ ಇದರಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದರಂತೆ. ಪೂಜೆಯ ಕೋಣೆಯ ಕಡೆ ನೋಡಿದ, ಗಡಿಯಾರ ನೋಡಿದ. ಅವನಿಗೆ ಹುಮನಾಬಾದಿನಲ್ಲಿ ಬೇರೆ ಕೆಲಸವಿತ್ತು. ಚೀಲ ಹೆಗಲಿಗೆ ಹಾಕಿಕೊಂಡು, ಹೊಸ್ತಿಲ ಹತ್ತಿರ ನಿಂತು, ಆ ಮಾತು ಹೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ. ಅವನು ಹೇಳಿದ ಹಾಗೇ ಬರೆಯಬೇಕು, ಅವಸರದಲ್ಲಿ ಬೇಡ.

ಅವನು ಹೋದ ಮೇಲೆ ನಾನು ಆ ಖಾಲಿ ಕಪ್ಪು ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಹಿತ್ತಲಿನಿಂದ ನೀನು ಬಟ್ಟೆ ಕುಕ್ಕುವ ಸಪ್ಪಳ ಬರುತ್ತಿತ್ತು. ನಾನು ಓಡಿಬಂದು ನಿನಗೆ ಹೇಳಬಹುದಿತ್ತು. ಓಡಿಬರಲು ಹತ್ತು ಹೆಜ್ಜೆಯೂ ಇರಲಿಲ್ಲ.

ಪೂಜೆ ಮುಗಿಯಿತು. ಹಣೆಯ ತುಂಬ ವಿಭೂತಿ, ಮಾವನವರು ಹೊರಗೆ ಬಂದು ಪ್ರಸಾದ ತೆಗೆದುಕೊಂಡರು. ಮೌನ ಮುರಿದು ಅವರು ಆಡಿದ ಮೊದಲ ಮಾತು ನಿನ್ನದೇ. ರಿಪೇರಿಯವನು ಏನೆಂದ ಎಂದು ಕೇಳಿದರು. ತೆಗೆದುಹಾಕಿದ್ದಾನೆ ಎಂದೆ. ಅವರು ನನ್ನನ್ನೇ ನೋಡಿದರು. “ಅದಲ್ಲವ್ವ. ಅದು ಹೇಳಿದ್ದು ಖರೆ ಇತ್ತೋ, ಸುಳ್ಳಿತ್ತೋ?”

ಅವರ ದನಿಯಲ್ಲಿ ಆಸೆಯಿತ್ತು, ಲೀಲಾ. ಸುಳ್ಳಿತ್ತು ಎನ್ನಲಿ ಎಂದು ಕಾಯುತ್ತಿದ್ದರು ಆ ಮುದುಕ. ಒಂದೇ ಶಬ್ದ ಸಾಕಾಗಿತ್ತು.

“ಅವ ಏನೂ ಹೇಳಲಿಲ್ರಿ ಮಾವಾರ,” ಎಂದೆ.

ಯಾಕೆ? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೆಂದರೆ ಅದು ಸವೆದುಹೋಗಿದೆ. ಬಹಳ ವರ್ಷ ನನಗೆ ನಾನೇ ಹೇಳಿಕೊಂಡ ಉತ್ತರ — ಹೆದರಿಕೆ. ಸುಳ್ಳೆಂದರೆ, ಹಾಗಾದರೆ ಇದನ್ನು ಒಳಗೆ ಬಿಟ್ಟವರು ಯಾರು ಎಂಬ ಮಾತು ಬರುತ್ತದೆ; ನಾನು ಏನು ಹುಡುಕುತ್ತಿದ್ದೆ ಎಂದು ಗೊತ್ತಾಗುತ್ತದೆ. ಈ ಉತ್ತರ ನನಗೆ ಬಹಳ ಅನುಕೂಲವಾಗಿತ್ತು. ಆದರೆ ಅದು ಸುಳ್ಳು. ಕೇಳಿದ್ದರೆ, ಧೂಳು ಒರೆಸುವಾಗ ಏನೋ ಒತ್ತಿದೆ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಕಟ್ಟುವುದು ನನಗೇನು ಕಷ್ಟ? ನಿಜ ಬೇರೆ. ಅಂಗಡಿ ನಿಂತುಹೋದರೆ ನೀನು ಮತ್ತೆ ಅಡುಗೆಮನೆಗೆ ಬರುತ್ತೀ, ನನ್ನ ಪಕ್ಕದಲ್ಲಿ ಕೂತು ರೊಟ್ಟಿ ಬೇಯಿಸುತ್ತೀ, ಅಳುತ್ತೀ, ನಾನು ಸಮಾಧಾನ ಮಾಡುತ್ತೇನೆ — ನಿನಗೆ ಆಗ ನಾನೊಬ್ಬಳೇ ಇರುತ್ತೇನೆ. ಇದು ನನಗೆ ಬೇಕಾಗಿತ್ತು. ಆ ಖಾಲಿ ಕಪ್ಪು ಹಿಡಿದು ನಿಂತಾಗ ಇದನ್ನೇ ಲೆಕ್ಕ ಹಾಕಿದ್ದೆ. ಇಷ್ಟು ಬರೆಯುವುದಕ್ಕೇ ಕೈ ತಡೆಯುತ್ತಿದೆ, ಆದರೆ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ನನ್ನ ಲೆಕ್ಕ ಎಂಥದು ನೋಡು. ಅಂಗಡಿ ನಿಂತಿತು, ಸರಿ. ನೀನು ಅಡುಗೆಮನೆಗೆ ಬರಲಿಲ್ಲ. ಮಾವನವರು ನಿನ್ನನ್ನು ಹುಮನಾಬಾದಿನ ನಿನ್ನ ಸೋದರಮಾವನ ಮನೆಗೆ ಕಳಿಸಿಬಿಟ್ಟರು. ಮುಖ ನೋಡಲಾಗದು ಎಂದಷ್ಟೇ ಅಂದರು. ಹೋಗುವ ದಿನ ನೀನು ಟ್ರಂಕಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡೆ. “ವೈನಿ, ರಿಪೇರಿಯವ ಏನರ ಅಂದನೇನ?” ಎಂದು ಕೇಳಿದೆ. ಇಲ್ಲ ಎಂದೆ. ನೀನು ನಂಬಿದೆ. ನಿನ್ನ ವೈನಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವಲ್ಲ, ಇದ್ದಿದ್ದರೆ ಹೇಳಿರುತ್ತಿದ್ದಳು.

ಬಾಜೂ ಕೋಣೆಯಲ್ಲಿ ಗೋಣಿಚೀಲ ತುಂಬಿದರು. ಕಂಪ್ಯೂಟರ್ ಅಡತಿಗೆ ಹೋಗಿ, ಹೇಳಿದ ಹಾಗೆಯೇ ಧೂಳು ಕುಡಿದು ಸತ್ತಿತು. ನಾನು ಒಬ್ಬಳೇ ರೊಟ್ಟಿ ಬಡಿದು ಒಬ್ಬಳೇ ಬೇಯಿಸಿದೆ. ಒಂದೂ ಕರಕಲಾಗಲಿಲ್ಲ. ಮಾವನವರು ಆ ಚಂದದ ರೊಟ್ಟಿಗಳನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ನನ್ನ ತವರಿಗೆ ಹೋಗಬೇಕೆಂದರೆ ಹುಮನಾಬಾದ್ ದಾಟಲೇಬೇಕು. ನೀನು ಬಸ್‌ಸ್ಟ್ಯಾಂಡಿನ ಎದುರೇ ಟೈಪಿಂಗ್ ಅಂಗಡಿ ಹಾಕಿದೆ ಎಂದು ಕೇಳಿದ ಮೇಲೆ, ಪ್ರತಿ ಸಲ ನಾನು ಬಸ್ಸಿನಲ್ಲಿ ಆ ಕಡೆಯ ಕಿಟಕಿ ಬಿಟ್ಟು ಈ ಕಡೆ ಕೂರುತ್ತಿದ್ದೆ. ಪಂಚಮಿಗೆ ನೀನು ತವರಿಗೆ ಬರಲಿಲ್ಲ, ನಾವೂ ಕರೆಯಲಿಲ್ಲ. ಮದುವೆ ಮುಂಜಿಯಲ್ಲಿ ಎದುರಾದರೆ ನೀನು, ಬರ್ರಿ, ಹೇಗಿದ್ದೀರಿ ಎನ್ನುತ್ತಿದ್ದೆ. ನನ್ನನ್ನು ನೀನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ದೂರದಲ್ಲಿದ್ದು ಹಾಗಾಗಿದೆ ಎಂದುಕೊಂಡೆ.

ಆಮೇಲೆ ಮಾವನವರು ಹಾಸಿಗೆ ಹಿಡಿದರು. ಮಗಳನ್ನು ಕರೆಸಿ ಎಂದರು. ನೀನು ಬಂದೆ. ಪಡಸಾಲೆಯಲ್ಲಿ ಮಂಚ, ಒಂದು ಕಡೆ ನಿನ್ನ ಸೋದರಮಾವ, ನಿನ್ನ ಅಣ್ಣ. ಕಾಲ ಹತ್ತಿರ ನಾನು. ಮಾವನವರು ನಿನ್ನ ಕೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು.

“ಆಗಿದ್ದು ಆಗಿ ಹೋತವ್ವ. ನಾ ನಿನಗ ಮಾಫ್ ಮಾಡೀನಿ.”

ನೀನು ಅವರನ್ನು ನೋಡಲಿಲ್ಲ. ತಲೆಯೆತ್ತಿ ಮಂಚದ ಆ ತುದಿಯಲ್ಲಿದ್ದ ನನ್ನನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ನಾನು ಬಗ್ಗಿ, ಸರಿಯಾಗಿಯೇ ಇದ್ದ ಚಾದರವನ್ನು ಅವರ ಕಾಲಿನ ಮೇಲೆ ಮತ್ತೆ ಸರಿ ಮಾಡಿದೆ. ನಾನು ಏಳುವ ಹೊತ್ತಿಗೆ ನೀನು, ಆಯ್ತಪ್ಪಾ, ಎಂದಿದ್ದೆ. ಮಾಡದ ತಪ್ಪಿಗೆ, ತಪ್ಪು ಮಾಡಿದವಳ ಎದುರಿನಲ್ಲೇ, ಮಾಫಿ ತೆಗೆದುಕೊಂಡೆ. ಮಾವನವರ ಮುಖ ಹಗುರಾಯಿತು. ಆ ವಾರವೇ ಹೋದರು.

ಪಾಪ, ಇವಳಿಗೆ ಗೊತ್ತಿಲ್ಲ — ನಾನು ಹಾಗೆ ಅಂದುಕೊಂಡಿದ್ದೆ. ನಿನಗೆ ಗೊತ್ತಿಲ್ಲ ಎನ್ನುವುದೊಂದೇ ನನಗಿದ್ದ ಆಸರೆ. ಈ ಸಲ ಮನ್ನಾಏಖೇಳ್ಳಿಗೆ ಹೊರಟಾಗ ಹುಮನಾಬಾದಿನಲ್ಲಿ ಬಸ್ಸು ಕೆಟ್ಟಿತು, ಇಳಿಸಿದರು. ಚಹಾದ ಅಂಗಡಿಯ ಮುಂದೆ ನಿಂತಿದ್ದೆ. ಗಡ್ಡ ಬೆಳ್ಳಗಾದ ಒಬ್ಬರು ಹತ್ತಿರ ಬಂದು, ನೀವು ಬಸವಕಲ್ಯಾಣದ ಭಾಭಿ ಅಲ್ಲವೇ ಎಂದರು. ರಫೀಕ. ಅವರೇ ಎಲ್ಲ ಹೇಳಿದರು, ಯಾವ ಕಹಿಯೂ ಇಲ್ಲದೆ. ಹುಮನಾಬಾದಿಗೆ ಬಂದ ವರ್ಷವೇ ನೀನು ಅವರ ಅಂಗಡಿ ಹುಡುಕಿಕೊಂಡು ಹೋಗಿ ಕೇಳಿದೆಯಂತೆ. ಅವತ್ತೇ ನಿಮ್ಮ ವೈನಿಗೆ ಹೇಳಿ ಬಂದಿದ್ದೆನಲ್ಲ, ಎಂದರಂತೆ ಅವರು. ಬೇಕಾದರೆ ನಾನೇ ಬಸವಕಲ್ಯಾಣಕ್ಕೆ ಬಂದು ನಿಮ್ಮ ತಂದೆಗೆ ಹೇಳುತ್ತೇನೆ ಎಂದು ಅವರು ಎದ್ದರೆ, ನೀನು ಬೇಡವೆಂದೆಯಂತೆ.

“ಬ್ಯಾಡ ಭಾಯಿ, ನಮ್ಮ ವೈನಿನೇ ಹೇಳ್ತಾಳ ಅಂದ್ಳರಿ ನಿಮ್ಮ ನಾದಿನಿ,” ಎಂದರು ರಫೀಕ. “ಹೇಳಿದ್ರಲ್ರಿ ಭಾಭಿ?”

ರಸ್ತೆ ದಾಟಿ ನಿನ್ನ ಅಂಗಡಿಯ ಎದುರು ಹೋಗಿ ನಿಂತೆ. ಹಳದಿ ಬೋರ್ಡು. ನೀನು ಯಾರಿಗೋ ಅರ್ಜಿ ಟೈಪ್ ಮಾಡಿಕೊಡುತ್ತಿದ್ದೆ, ಕನ್ನಡಕ ಬಂದಿದೆ. ತಲೆ ಎತ್ತಲಿಲ್ಲ. ನಾನು ಮೆಟ್ಟಿಲು ಹತ್ತಲಿಲ್ಲ. ಬಸ್ಸು ಸರಿಯಾಯಿತು, ಹತ್ತಿ ಹೋದೆ.

ಅಂದರೆ ಇಷ್ಟೂ ವರ್ಷ ನೀನು ಕಾದಿದ್ದೆ. ಮಂಚದ ಆ ಕಡೆಯಿಂದ ನನ್ನನ್ನು ನೋಡಿದ್ದೂ ಕಾಯುತ್ತಾ ನೋಡಿದ್ದೇ. ಈಗ ಹೇಳುತ್ತಾಳೆ, ಈಗಲಾದರೂ, ಅಪ್ಪನ ಕಿವಿ ಇನ್ನೂ ಕೇಳುತ್ತಿರುವಾಗ… ನಾನು ಚಾದರ ಸರಿ ಮಾಡಿದೆ.

ಮನೆಗೆ ಬಂದ ದಿನವೇ ನಿನ್ನ ಅಣ್ಣನಿಗೆ ಎಲ್ಲ ಹೇಳಿದೆ. ಊಟ ಮಾಡುತ್ತಿದ್ದರು. ತಾಟಿನಲ್ಲೇ ಕೈ ತೊಳೆದರು. “ಅಪ್ಪ ಇದ್ದಾಗ ಹೇಳಬೇಕಿತ್ತು,” ಎಂದು ಎದ್ದು ಹೋದರು. ಆಮೇಲಿನಿಂದ ಉಪ್ಪು, ನೀರು, ಕೀಲಿಕೈ — ಇಂಥ ಮಾತಿಗಷ್ಟೇ ಬಾಯಿ ಬಿಡುತ್ತಾರೆ. ನಾನು ಮತ್ತೆ ಒಲೆಯ ಮೇಲಿನ ಹಾಲಿನ ಹತ್ತಿರ ಮಾತಾಡುತ್ತೇನೆ. ಇದು ನಾನೇ ಕಟ್ಟಿಕೊಂಡದ್ದು, ದೂರುವುದಿಲ್ಲ.

ಮಾವನವರ ಪುಣ್ಯತಿಥಿ ಹತ್ತಿರ ಬಂತು. ನಿನ್ನ ಸೋದರಮಾವನ ಮನೆಯವರು, ಓಣಿಯ ಹಿರಿಯರು, ಅಡತಿಯವರು ಎಲ್ಲ ಬರುತ್ತಾರೆ. ನೀನೂ ಬರುತ್ತೀ, ಪ್ರತಿ ವರ್ಷದ ಹಾಗೆ ಸುಮ್ಮನೆ ಬಡಿಸಿ, ಮಧ್ಯಾಹ್ನದ ಬಸ್ಸಿಗೆ ಹೋಗುತ್ತೀ. ಈ ಸಲ ಎಲೆ ಹಾಕುವ ಮೊದಲು ನಾನು ಪಡಸಾಲೆಯಲ್ಲಿ, ಆ ಮಂಚ ಇದ್ದ ಜಾಗದಲ್ಲಿ ನಿಂತು ಹೇಳುತ್ತೇನೆ. ಒತ್ತಿದವಳು ನಾನು, ಓದಿದವಳು ನಾನು, ನಿಜ ತಿಳಿದ ಮೇಲೂ ಬಚ್ಚಿಟ್ಟವಳು ನಾನು ಎಂದು ಹೇಳುತ್ತೇನೆ. ಮುಂಚೆಯೇ ಬರೆದು ಕಳಿಸುತ್ತಿರುವುದು ನೀನು ನನ್ನನ್ನು ತಡೆಯಲಿ ಎಂದಲ್ಲ. ಆ ಹೊತ್ತಿಗೆ ನನ್ನ ನಾಲಿಗೆ ಮತ್ತೆ ಕಚ್ಚಿಕೊಂಡರೆ ಈ ಹಾಳೆಯನ್ನು ನೀನೇ ಎಲ್ಲರ ಮುಂದೆ ಓದು. ನನ್ನನ್ನು ಮಾಫ್ ಮಾಡೆಂದು ಕೇಳುವುದಿಲ್ಲ. ಈ ಮನೆಯ ಮಾಫಿಯನ್ನು ಒಮ್ಮೆ ತಪ್ಪಾದವಳಿಗೆ ಕೊಟ್ಟು ಮುಗಿಸಿದ್ದೇವೆ. ನೀನು ನನ್ನನ್ನು ವೈನಿ ಎಂದು ಕರೆಯಬೇಕಾಗಿಯೂ ಇಲ್ಲ.

ಮಾವನವರಿಗೆ ಮುಟ್ಟಿಸುವ ದಾರಿ ಈಗಿಲ್ಲ. ಉಳಿದವರಿಗಾದರೂ ಮುಟ್ಟಲಿ. ಅವತ್ತು ರಫೀಕ ಚೀಲ ಹೆಗಲಿಗೇರಿಸಿ ಹೊಸ್ತಿಲ ಹತ್ತಿರ ನಿಂತು ನನ್ನ ಕೈಗೆ ಒಪ್ಪಿಸಿದ ಮಾತು ಇದು, ಒಂದು ಅಕ್ಷರ ಬಿಟ್ಟಿಲ್ಲ:

“ಇದು ಸುಳ್ಳದ ಭಾಭಿ. ಎಲ್ಲಾರ ಮನ್ಯಾಗೂ ಇದನ್ನೇ ಹೇಳ್ತದ. ನಿಮ್ಮ ಮನ್ಯಾಗ ಯಾರದೂ ತಪ್ಪಿಲ್ಲ. ಮನ್ಯಾಗಿನವರಿಗೆ ಹೇಳ್ರಿ.”